ನಮ್ಮಂಥ ಸಣ್ಣ ಉದ್ಯಾನ ಗುತ್ತಿಗೆಯಲ್ಲೂ ಜೀತ ಇರಬಹುದೇ? ಗ್ರಾಹಕರ ನಮೂನೆಗೆ ಏನೆಂದು ಉತ್ತರ ಬರೆಯಲಿ?

ಹುಲ್ಲುಹಾಸು:
ಬೆಂಗಳೂರಿನಲ್ಲಿ ಒಂಬತ್ತು ವರ್ಷಗಳಿಂದ ಉದ್ಯಾನ ನಿರ್ವಹಣೆಯ ಸಣ್ಣ ಗುತ್ತಿಗೆ ನಡೆಸುತ್ತಿದ್ದೇನೆ. ನಾಲ್ಕು ಅಪಾರ್ಟ್‌ಮೆಂಟುಗಳು, ಒಂದು ಶಾಲೆ, ವೈಟ್‌ಫೀಲ್ಡ್ ಕಡೆಯ ಒಂದು ಕಚೇರಿ ಆವರಣ, ಇಷ್ಟೇ ನನ್ನ ವ್ಯವಹಾರ. ಹುಲ್ಲು ಕತ್ತರಿಸುವುದು, ಬೇಲಿಗಿಡ ಸವರುವುದು, ಕುಂಡಗಳಿಗೆ ಮಣ್ಣು ಗೊಬ್ಬರ ಬದಲಿಸುವುದು, ಔಷಧಿ ಹೊಡೆಯುವುದು ಮುಂತಾದ ಕೆಲಸಗಳಿಗೆ ಹದಿನಾಲ್ಕು ಜನರಿದ್ದಾರೆ. ಅವರಲ್ಲಿ ಮೂವರು ನನ್ನ ನೇರ ನೌಕರರು. ಉಳಿದ ಹನ್ನೊಂದು ಜನರನ್ನು ಮೇಸ್ತ್ರಿಯೊಬ್ಬರು ಕರೆತಂದಿದ್ದಾರೆ.

ಕಳೆದ ವಾರ ಆ ಕಚೇರಿಯವರು ಒಪ್ಪಂದದ ನವೀಕರಣಕ್ಕೆಂದು ಹನ್ನೆರಡು ಪುಟಗಳ ನಮೂನೆ ಕಳುಹಿಸಿದರು. ಅದರ ಏಳನೆಯ ಪುಟದಲ್ಲಿ, ನಿಮ್ಮಲ್ಲಿ ಮತ್ತು ನಿಮಗೆ ಸರಕು ಪೂರೈಸುವವರಲ್ಲಿ ಆಧುನಿಕ ಗುಲಾಮಗಿರಿ ಇಲ್ಲವೆಂಬುದನ್ನು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆಯಿದೆ. ಮೊದಲು ಓದಿದಾಗ ನಗು ಬಂತು, ಏಕೆಂದರೆ ನಾನು ಯಾರನ್ನೂ ಕಟ್ಟಿಹಾಕಿ ದುಡಿಸುತ್ತಿಲ್ಲ; ಸಂಬಳ ತಿಂಗಳ ಐದನೆಯ ತಾರೀಕಿನೊಳಗೆ ಅವರವರ ಬ್ಯಾಂಕ್ ಖಾತೆಗೇ ಹೋಗುತ್ತದೆ. ಆದರೆ "ಇಲ್ಲ" ಎಂದು ಬರೆದು ಸಹಿ ಹಾಕಲು ಪೆನ್ನು ಹಿಡಿದಾಗ, ಆ ಹನ್ನೊಂದು ಜನರ ಬಗ್ಗೆ ನನಗೆ ನಿಜವಾಗಿ ಎಷ್ಟು ಗೊತ್ತು ಎಂಬ ಅನುಮಾನ ಬಂತು. ಇಂಥ ನಮೂನೆ ತುಂಬಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಕಡತಕಾವಲು:
ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. "ನಮ್ಮ ಸಂಸ್ಥೆಯು ಯಾವುದೇ ರೂಪದ ಗುಲಾಮಗಿರಿಯನ್ನು ಸಹಿಸುವುದಿಲ್ಲ" ಎಂಬ ಒಂದು ಪುಟದ ನೀತಿಪತ್ರವನ್ನು ಲೆಟರ್‌ಹೆಡ್ ಮೇಲೆ ಮುದ್ರಿಸಿ, ಮೊಹರು ಒತ್ತಿ ಕಳುಹಿಸಿ. ನಾನು ಆರು ಜನ ಗುತ್ತಿಗೆದಾರರಿಗೆ ಹೀಗೆಯೇ ಮಾಡಿಕೊಟ್ಟಿದ್ದೇನೆ, ಯಾರೂ ಮರುಪ್ರಶ್ನೆ ಕೇಳಿಲ್ಲ.

ವಕಾಲತ್ತು:
ಮರುಪ್ರಶ್ನೆ ಬರುವುದು ಗ್ರಾಹಕರಿಂದಲ್ಲ, ತಹಶೀಲ್ದಾರರಿಂದ. ಆ ದಿನ ನಿಮ್ಮ ಮೊಹರಿನ ಕಾಗದವೇ ಮೊದಲು ಎದುರಿಗೆ ಬರುತ್ತದೆ, ಏಕೆಂದರೆ ಪರಿಶೀಲಿಸದೆ ಪ್ರಮಾಣ ಮಾಡಿಕೊಟ್ಟವರು ನೀವು.

ಥೇಮ್ಸ್‌ತೀರ:
ಈ ಪ್ರಶ್ನೆ ಎಲ್ಲಿಂದ ಬಂತೆಂಬುದನ್ನು ಹೇಳುತ್ತೇನೆ. ನಾನಿರುವುದು ಬ್ರಿಟನ್ನಿನಲ್ಲಿ, ಕೆಲಸ ಖರೀದಿ ವಿಭಾಗದಲ್ಲಿ. ಇಲ್ಲಿ 2015ರ ಆಧುನಿಕ ಗುಲಾಮಗಿರಿ ಕಾಯಿದೆಯ 54ನೆಯ ಕಲಮಿನಂತೆ, ಈ ದೇಶದಲ್ಲಿ ವ್ಯವಹಾರ ನಡೆಸುವ ಮತ್ತು ವಾರ್ಷಿಕ ವಹಿವಾಟು 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿರುವ ಸಂಸ್ಥೆಗಳು ತಮ್ಮಲ್ಲಿ ಹಾಗೂ ತಮ್ಮ ಪೂರೈಕೆದಾರರಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದ್ದೇವೆಂದು ಪ್ರತಿ ವರ್ಷ ಹೇಳಿಕೆ ಪ್ರಕಟಿಸಬೇಕು. ಆಸ್ಟ್ರೇಲಿಯಾದಲ್ಲಿ 2018ರ ಕಾಯಿದೆಯಿದೆ. ಅಲ್ಲಿನ ಮಿತಿ 10 ಕೋಟಿ ಡಾಲರ್. ಹುಲ್ಲು ಕತ್ತರಿಸುವ ನಿಮಗೆ ಆ ಕಾಯಿದೆಗಳು ನೇರವಾಗಿ ಅನ್ವಯಿಸುವುದಿಲ್ಲ, ಆದರೆ ನಿಮ್ಮ ಗ್ರಾಹಕರ ಮಾತೃಸಂಸ್ಥೆ ಅಲ್ಲಿಯದಾಗಿದ್ದರೆ ಪ್ರಶ್ನೆ ಮೆಟ್ಟಿಲಿಳಿದು ನಿಮ್ಮ ಬಾಗಿಲಿಗೂ ಬರುತ್ತದೆ.

ಖರೀದಿಯವನಾಗಿ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ. "ನಮ್ಮಲ್ಲಿ ಏನೂ ಇಲ್ಲ" ಎಂಬ ಉತ್ತರ ಬಂದಾಗ ನಾವು ಅದನ್ನು ನಂಬುವುದಿಲ್ಲ, ಕಡತಕ್ಕೆ ಸೇರಿಸಿ ಮುಂದೆ ಹೋಗುತ್ತೇವೆ. "ಇಂಥ ಕಡೆ ಅಪಾಯವಿದೆ, ಹೀಗೆ ನೋಡಿದೆವು, ಇದು ಸಿಕ್ಕಿತು, ಹೀಗೆ ಸರಿಪಡಿಸಿದೆವು" ಎಂದು ಬರೆದವರನ್ನು ಮಾತ್ರ ಎರಡನೆಯ ಸಲ ಓದುತ್ತೇವೆ.

ವಕಾಲತ್ತು:
ಬ್ರಿಟನ್ನಿನವರೆಗೆ ಹೋಗುವುದೇ ಬೇಡ. ನಮ್ಮಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ 1976ರಿಂದ ಇದೆ. 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದಿತೆಂದು ಅದು ಹೇಳುತ್ತದೆ. ಅದಕ್ಕೂ ಮೊದಲೇ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಸರಪಳಿ ಇದ್ದರೆ ಮಾತ್ರ ಜೀತ ಎಂಬ ಕಲ್ಪನೆಯನ್ನು ದಯವಿಟ್ಟು ಬಿಡಿ. ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಹಸಿವು ಬಡತನಗಳ ಒತ್ತಡವೂ ಬಲವಂತವೇ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು 23ನೆಯ ವಿಧಿಯ ಅರ್ಥದಲ್ಲಿ ಬಲವಂತದ ದುಡಿಮೆಯೇ ಎಂದು ಹೇಳಿತು. ಜೀತವಿಮುಕ್ತಿಗಾಗಿ ದುಡಿಯುವ ಬಂಧುವಾ ಮುಕ್ತಿ ಮೋರ್ಚಾ ಸಂಘಟನೆಯ ಪ್ರಕರಣದಲ್ಲಿ 1983ರ ಡಿಸೆಂಬರಿನಲ್ಲಿ ಬಂದ ತೀರ್ಪು ಇನ್ನೂ ಮುಂದೆ ಹೋಗಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆಯೆಂದೇ ಊಹಿಸಿಕೊಳ್ಳಬೇಕು, ಇಲ್ಲವೆಂದು ತೋರಿಸುವ ಹೊಣೆ ಮಾಲೀಕರದು ಎಂದಿತು.

ಹುಲ್ಲುಹಾಸು ಅವರೇ, ನಮೂನೆಯನ್ನು ಪಕ್ಕಕ್ಕಿಟ್ಟು ಆ ಹನ್ನೊಂದು ಜನರನ್ನು ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಮಾತನಾಡಿಸಿ. ನಿನ್ನ ಆಧಾರ್ ಕಾರ್ಡ್ ಯಾರ ಬಳಿ ಇದೆ? ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ? ಇಲ್ಲಿಗೆ ಬರುವಾಗ ಎಷ್ಟು ಹಣ ಪಡೆದೆ, ಈಗ ಎಷ್ಟು ಬಾಕಿ ಎನ್ನುತ್ತಾರೆ? ನಾಳೆಯೇ ಊರಿಗೆ ಹೋಗುತ್ತೇನೆಂದರೆ ಯಾರ ಅಪ್ಪಣೆ ಬೇಕು? ರಾತ್ರಿ ಶೆಡ್ಡಿನ ಚಿಲಕ ಒಳಗಿನಿಂದ ಹಾಕುತ್ತೀರೋ, ಹೊರಗಿನಿಂದಲೋ? ಇಷ್ಟು ಸಾಕು.

ಹಳೇಗುತ್ತಿಗೆ:
ಕಾಯಿದೆ ಓದಿದವರಿಗೆ ಇದೆಲ್ಲ ಸುಲಭ. ಇಪ್ಪತ್ತೆರಡು ವರ್ಷ ಈ ಕಸುಬಿನಲ್ಲಿದ್ದೇನೆ, ಮುಂಗಡ ಕೊಡದೆ ಒಬ್ಬನೂ ಬಸ್ಸು ಹತ್ತುವುದಿಲ್ಲ. ಕಳೆದ ಯುಗಾದಿಗೆ ಐದು ಜನ ಒಟ್ಟು 1,30,000 ರೂಪಾಯಿ ಪಡೆದು ಊರಿಗೆ ಹೋದವರು ತಿರುಗಿ ಬರಲಿಲ್ಲ; ಫೋನ್ ಸ್ವಿಚ್ ಆಫ್. ಆ ಹಣ ಯಾರ ಮನೆಯದು? ಕಾರ್ಡ್ ಇಟ್ಟುಕೊಳ್ಳುವುದು ತಪ್ಪೆಂದರೆ ಭದ್ರತೆಗೆ ನಾವು ಏನನ್ನು ಇಟ್ಟುಕೊಳ್ಳಬೇಕು? ಅವರ ಕಷ್ಟಕಾಲದಲ್ಲಿ ಕೈಹಿಡಿದವನೇ ಅಪರಾಧಿ ಎನ್ನುವುದಾದರೆ ನಾಳೆಯಿಂದ ಯಾರೂ ಅವರಿಗೆ ಸಾಲ ಕೊಡಲಾರರು.

ರಾಯಚೂರುರೊಟ್ಟಿ:
ನಿಮ್ಮ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ನೀವು ಹೇಳುವ ಬಸ್ಸು ಹೊರಡುವ ಊರಿನವನು ನಾನು. ಮುಂಗಡ ಕೊಡಲು ಜನ ಬರುವುದು ಯಾವಾಗ? ಮಳೆ ಕೈಕೊಟ್ಟಾಗ, ಮದುವೆ ಗೊತ್ತಾದಾಗ, ಆಸ್ಪತ್ರೆಯಿಂದ ಹೆಣ ಬಿಡಿಸಿಕೊಳ್ಳಬೇಕಾದಾಗ. ಆ ಹೊತ್ತಿನಲ್ಲಿ ಯಾವ ಕೆಲಸ, ದಿನಕ್ಕೆ ಎಷ್ಟು, ಎಷ್ಟು ತಿಂಗಳು ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಕೈಹಿಡಿದವರೆಂದಿರಿ. ಹಿಡಿದ ಕೈಯನ್ನು ಬಿಡದೆ ಇರುವುದೇ ನಮ್ಮ ತಕರಾರು.

ವಕಾಲತ್ತು:
ಹಳೇಗುತ್ತಿಗೆ ಅವರಿಗೆ ಒಂದು ಸ್ಪಷ್ಟನೆ. ಮುಂಗಡ ಕೊಡುವುದಷ್ಟೇ ಅಪರಾಧವಲ್ಲ. ಆ ಮುಂಗಡದ ಕಾರಣಕ್ಕೆ ಕೆಲಸಗಾರ ಬೇರೆ ಕಡೆ ದುಡಿಯಲಾಗದಿದ್ದರೆ, ಬೇಕೆಂದಾಗ ಹೋಗಲಾಗದಿದ್ದರೆ, ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ಒಪ್ಪಬೇಕಾದರೆ ಅದು ಜೀತ. ಹಾಗಾದ ಕ್ಷಣ 6ನೆಯ ಕಲಮಿನಂತೆ ಸಾಲವೇ ರದ್ದಾಗುತ್ತದೆ, ಅದನ್ನು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಹೊಣೆ 15ನೆಯ ಕಲಮಿನಂತೆ ಸಾಲ ಕೊಟ್ಟವರ ಮೇಲಿರುತ್ತದೆ. ಶಿಕ್ಷೆ 3 ವರ್ಷಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. ಕೆಲಸಗಾರ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ ದೌರ್ಜನ್ಯ ತಡೆ ಕಾಯಿದೆಯೂ ಸೇರಿಕೊಳ್ಳುತ್ತದೆ. ಜೀತಕ್ಕೆ ತಿರುಗದ ಸಾದಾ ಸಾಲದ ಹಣ ವಾಪಸು ಬರಲಿಲ್ಲವೆಂದರೆ ಸಿವಿಲ್ ದಾವೆ ಹೂಡಬಹುದು, ಮನುಷ್ಯನನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು ಸಣ್ಣ ವಿಷಯ ಬಹಳ ಜನರಿಗೆ ತಿಳಿದಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲೇ, ಕೆಲಸಕ್ಕೆ ಸೇರುವ ಮೊದಲು ಪ್ರಯಾಣದ ವೆಚ್ಚಕ್ಕೆಂದು ಕೊಟ್ಟ ಮುಂಗಡವನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ ಎಂದಿತ್ತು. ಬಸ್ ಚಾರ್ಜನ್ನು ಬಾಕಿ ಪುಸ್ತಕದಲ್ಲಿ ಬರೆಯುವ ಮೇಸ್ತ್ರಿಗಳನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ.

ಪದಕೋಶ:
ವಿಷಯಕ್ಕೆ ಹೊರತಾಗದ ಒಂದು ಮಾತು. "ಆಧುನಿಕ ಗುಲಾಮಗಿರಿ" ಎಂಬುದು ನಮೂನೆಯ ಅನುವಾದ. ನಮ್ಮ ಪದ ಜೀತವೇ. ಸ್ವಾರಸ್ಯವೆಂದರೆ ಜೀತಕ್ಕೆ ಹಳೆಯ ಅರ್ಥ ಸಂಬಳ, ಜೀವನಕ್ಕೆ ಆಧಾರವಾದ ವೇತನ. ತೆಲುಗಿನಲ್ಲಿ ಇಂದಿಗೂ ಜೀತಂ ಎಂದರೆ ತಿಂಗಳ ಸಂಬಳ. ಸಂಬಳವೆಂಬ ಅರ್ಥದ ಮಾತು ನಮ್ಮಲ್ಲಿ ಸಂಬಳವಿಲ್ಲದ ದುಡಿಮೆಯ ಹೆಸರಾಗಿ ಹೋಯಿತು.

ರಾಯಚೂರುರೊಟ್ಟಿ:
ನಿಜ. ನಮ್ಮ ಗಡಿ ಭಾಗದ ಹುಡುಗನೊಬ್ಬ ಬೆಂಗಳೂರಿನ ಅಧಿಕಾರಿಯ ಮುಂದೆ ತೆಲುಗು ಬೆರೆಸಿ "ಜೀತ ಬಂದಿಲ್ಲ" ಎಂದನಂತೆ. "ಹಾಗಾದರೆ ನೀನು ಜೀತದವನಲ್ಲ" ಎಂದು ಅಧಿಕಾರಿ ಬರೆದುಕೊಂಡರಂತೆ. ನಡೆದದ್ದೋ ಕಟ್ಟಿದ್ದೋ ಕಾಣೆ, ನಮ್ಮಲ್ಲಿ ಎಲ್ಲರೂ ಹೇಳುವ ಕತೆ ಇದು.

ಹುಲ್ಲುಹಾಸು:
ಮೂರು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ವಕೀಲೆ ಮೇಡಂ ಹೇಳಿದಂತೆ ಒಬ್ಬೊಬ್ಬರನ್ನೇ ಮಾತನಾಡಿಸಿದೆ. ಶೆಡ್ಡಿನ ಚಿಲಕ ಒಳಗಿನಿಂದಲೇ ಇದೆ, ಅದೊಂದು ಸಮಾಧಾನ. ಆದರೆ ಹನ್ನೊಂದು ಎಟಿಎಂ ಕಾರ್ಡುಗಳೂ ಮೇಸ್ತ್ರಿಯ ಬಳಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿ, ಪ್ರತಿಯೊಂದರ ಹಿಂದೆ ಪಿನ್ ಸಂಖ್ಯೆ ಬರೆದ ಚೀಟಿ ಅಂಟಿಸಿ ಇಡಲಾಗಿದೆ. ನಾನು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಬ್ಯಾಂಕ್ ಪಾವತಿಯ ಕತೆ ಅಲ್ಲಿಗೆ ಮುಗಿಯಿತು.

ಬ್ರಷ್ ಕಟರ್ ನಡೆಸುವ ಒಬ್ಬ ಹುಡುಗ ಅವನ ಲೆಕ್ಕದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದ. ಅಕ್ಕನ ಮದುವೆಗೆಂದು ಅವನ ತಂದೆ ಪಡೆದದ್ದು 40,000 ರೂಪಾಯಿ. ಅದರ ಕೆಳಗೆ ಬಸ್ ಚಾರ್ಜು, ಅಕ್ಕಿ, ಗ್ಯಾಸು, ಜ್ವರದ ಮಾತ್ರೆ, "ನಾಗಾ 2 ದಿನ, ದಂಡ 600" ಎಂದು ಸಾಲು ಸಾಲಾಗಿ ಬರೆದಿದೆ. ಹದಿನಾಲ್ಕು ತಿಂಗಳು ದುಡಿದ ಮೇಲೆ ಬಾಕಿ 43,200. ನನ್ನನ್ನು ನಿಲ್ಲಿಸಿದ್ದು "ಬ್ಲೇಡು ಮುರಿದದ್ದು 650" ಎಂಬ ಸಾಲು. ಆ ಬ್ಲೇಡು ಶಾಲೆಯ ಅಂಗಳದಲ್ಲಿ ಕಲ್ಲಿಗೆ ತಾಗಿ ಮುರಿದದ್ದು ನನಗೆ ಗೊತ್ತು. ಹೊಸದನ್ನು ಮರುದಿನವೇ ನಾನೇ ತಂದುಕೊಟ್ಟಿದ್ದೆ, ಬಿಲ್ಲು ನನ್ನ ಕಡತದಲ್ಲಿದೆ. ನನ್ನ ಖರ್ಚನ್ನು ಅವನ ಸಾಲವಾಗಿ ಬರೆಯಲಾಗಿತ್ತು. ಫೆಬ್ರವರಿಯಲ್ಲಿ ಅವನು ಊರಿಗೆ ಹೋಗುತ್ತೇನೆಂದಾಗ "ಲೆಕ್ಕ ಚುಕ್ತಾ ಮಾಡಿ ಹೋಗು" ಎಂದರಂತೆ. ನಾನು ಅದೇ ತಿಂಗಳು ಅವನ ಹಾಜರಾತಿ ನೋಡಿ, ಒಂದು ದಿನವೂ ತಪ್ಪಿಸಿಲ್ಲ, ಒಳ್ಳೆಯ ಹುಡುಗ ಎಂದು ಹೊಗಳಿದ್ದೆ.

ಮಾಲಿಯಮಗಳು:
ನನ್ನ ತಂದೆ ಮೂವತ್ತು ವರ್ಷ ಮಾಲಿಯಾಗಿದ್ದರು. ಅವರ ಮಾಲೀಕರು ಕೆಟ್ಟವರಲ್ಲ, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ನನ್ನ ಶಾಲೆಯ ಫೀಸಿಗೂ ಹಣ ಕೊಟ್ಟರು. ಆದರೆ ಎಷ್ಟು ಕೊಟ್ಟರು, ಎಷ್ಟು ತೀರಿತು ಎಂಬ ಲೆಕ್ಕ ಅವರ ಬಾಯಲ್ಲಿ ಮಾತ್ರ ಇತ್ತು. ಅಪ್ಪ ಪಕ್ಕದ ಬಡಾವಣೆಯಲ್ಲಿ ಹೆಚ್ಚು ಸಂಬಳದ ಕೆಲಸಕ್ಕೆ ಹೋಗುತ್ತೇನೆಂದ ದಿನ "ಉಪ್ಪಿನ ಋಣ ಮರೆತೆಯಾ" ಎಂದರು. ಅಪ್ಪ ಮರುದಿನ ಬೆಳಿಗ್ಗೆ ಎಂದಿನಂತೆ ಹೋಸ್ ಪೈಪ್ ಹಿಡಿದು ಅಲ್ಲಿಯೇ ನಿಂತಿದ್ದರು. ನಾನು ಆಗ ಎಂಟನೆಯ ತರಗತಿಯಲ್ಲಿದ್ದೆ; ನನ್ನ ಫೀಸೇ ಅವರನ್ನು ಅಲ್ಲಿ ನಿಲ್ಲಿಸಿತು ಎಂದು ತಿಳಿಯಲು ಹತ್ತು ವರ್ಷ ಬೇಕಾಯಿತು.

ಹುಲ್ಲುಹಾಸು ಅವರೇ, ನಿಮ್ಮ ಮೂವರು ನೇರ ನೌಕರರ ಮುಂಗಡದ ಲೆಕ್ಕ ಎಲ್ಲಿದೆ? ನೀವು ಹೇಳಲಿಲ್ಲ.

ಹುಲ್ಲುಹಾಸು:
ನನ್ನ ಡೈರಿಯಲ್ಲಿದೆ. ಅವರ ಬಳಿ ಪ್ರತಿ ಇಲ್ಲ. ನೀವು ಕೇಳುವವರೆಗೆ ಅದೂ ಅದೇ ಜಾತಿಯ ಪುಸ್ತಕವೆಂದು ನನಗೆ ಹೊಳೆದಿರಲಿಲ್ಲ.

ಐದನೆಯಮಹಡಿ:
ನಾನೊಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಆದ್ದರಿಂದ ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ಕಳೆದ ವರ್ಷ ಮೂವರು ಮಾಲಿಗಳಿಗೆ ಒಬ್ಬ ಗುತ್ತಿಗೆದಾರರು 66,000 ಕೇಳಿದರು, ಇನ್ನೊಬ್ಬರು 41,000ಕ್ಕೆ ಒಪ್ಪಿದರು. ಸಭೆಯಲ್ಲಿ ಎಲ್ಲರೂ ಎರಡನೆಯವರಿಗೆ ಕೈಯೆತ್ತಿದರು. ಬ್ರಷ್ ಕಟರಿನ ಪೆಟ್ರೋಲು, ಗೊಬ್ಬರ, ಇಎಸ್‌ಐ (ನೌಕರರ ರಾಜ್ಯ ವಿಮೆ) ಪಾಲು, ಗುತ್ತಿಗೆದಾರರ ಲಾಭ ಇವೆಲ್ಲವನ್ನೂ ಕಳೆದರೆ ತಲೆಗೆ ಏನು ಉಳಿಯುತ್ತದೆಂದು ನಾನೊಬ್ಬನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಸರ್ಕಾರ ಪ್ರಕಟಿಸಿದ ಕನಿಷ್ಠ ವೇತನದ ಹತ್ತಿರಕ್ಕೂ ಬರಲಿಲ್ಲ. ಲೆಕ್ಕ ಗೊತ್ತಿದ್ದೂ ಸುಮ್ಮನೆ ಕುಳಿತೆ. ಕಡಿಮೆ ದರ ಕೇಳುವವರು ನಾವು, ಆಮೇಲೆ ನೀತಿಪತ್ರ ಕೇಳುವವರೂ ನಾವೇ.

ಹಳೇಗುತ್ತಿಗೆ:
ಈ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಇಷ್ಟು ವರ್ಷಗಳಲ್ಲಿ ಒಂದು ಸಂಘವಾದರೂ "ಈ ದರದಲ್ಲಿ ಅವರಿಗೆ ಎಷ್ಟು ಕೊಡುತ್ತೀರಿ" ಎಂದು ನನ್ನನ್ನು ಕೇಳಿಲ್ಲ.

ಕಡತಕಾವಲು:
ನನ್ನ ಮೊದಲ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಅದರ ಬದಲಿಗೆ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಹತ್ತು ಜನರಿಗಿಂತ ಹೆಚ್ಚಿದ್ದೀರಿ, ಆದ್ದರಿಂದ ಇಎಸ್‌ಐ ನೋಂದಣಿ ಬೇಕು. ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ನಿಮ್ಮ ಪಾಲು 3.25 ಶೇಕಡ, ಅವರ ಪಾಲು 0.75. ಮೇಸ್ತ್ರಿಯ ಜನರೆಂದು ಅವರನ್ನು ಲೆಕ್ಕದಿಂದ ಹೊರಗಿಡಬೇಡಿ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕೆಂದು ಹೇಳುತ್ತವೆ. ಪತ್ರ ಕನ್ನಡದಲ್ಲಿರಲಿ, ಕನ್ನಡ ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿಸಿ. ಮುಂಗಡಕ್ಕೆ ಎರಡು ಪ್ರತಿಯ ಕಾರ್ಬನ್ ಪುಸ್ತಕ ಇಡಿ, ಒಂದು ಹಾಳೆ ಅವರ ಕೈಗೆ ಹೋಗಲಿ. ತಿಂಗಳಿಗೆ ಇಷ್ಟೇ ಮುರಿಯುವುದೆಂದು ಮೊದಲೇ ಬರೆಯಿರಿ, ಕೆಲಸ ಬಿಟ್ಟರೆ ಆ ಬಾಕಿಗಾಗಿ ಯಾರನ್ನೂ ತಡೆಯುವುದಿಲ್ಲ ಎಂದೂ ಬರೆಯಿರಿ.

ವಕಾಲತ್ತು:
ಒಂದು ತಿದ್ದುಪಡಿ ಸೇರಿಸುತ್ತೇನೆ: ಕನಿಷ್ಠ ವೇತನ ಮತ್ತು ವೇತನ ಪಾವತಿಯ ಹಳೆಯ ಕಾಯಿದೆಗಳು ವೇತನ ಸಂಹಿತೆಯೊಳಗೆ ಸೇರಿವೆ, ಆದರೆ 1976ರ ಜೀತ ರದ್ದತಿ ಕಾಯಿದೆ ಯಾವ ಸಂಹಿತೆಯೊಳಗೂ ಸೇರಿಲ್ಲ, ಪ್ರತ್ಯೇಕವಾಗಿಯೇ ಉಳಿದಿದೆ.

ಸಸಿಮಡಿ:
ನಮೂನೆಯಲ್ಲಿ ಸರಕು ಪೂರೈಸುವವರ ಬಗ್ಗೆಯೂ ಕೇಳಿದ್ದಾರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ನಾನು ನರ್ಸರಿ ನಡೆಸುತ್ತೇನೆ. ಚೀಲಕ್ಕೆ ಮಣ್ಣು ತುಂಬುವ ಕೆಲಸ ಪೀಸ್ ಲೆಕ್ಕದಲ್ಲಿ ನಡೆಯುತ್ತದೆ, ಸಾವಿರ ಚೀಲಕ್ಕೆ ಇಷ್ಟು ಎಂದು. ಹಾಗಾಗಿ ತಾಯಿಯ ಜೊತೆ ಕುಳಿತ ಮಕ್ಕಳೂ ತುಂಬುತ್ತಾರೆ, ಲೆಕ್ಕ ಮಾತ್ರ ತಾಯಿಯ ಹೆಸರಿನಲ್ಲಿ ಇರುತ್ತದೆ. ನಮ್ಮಲ್ಲಿ ಅದನ್ನು ನಿಲ್ಲಿಸಿ ದಿನಗೂಲಿ ಮಾಡಿದೆವು, ಸಸಿಯ ಬೆಲೆ ಏರಿತು, ಇಬ್ಬರು ಗ್ರಾಹಕರು ಹೋದರು. ಪಾತಿಯ ಅಂಚಿಗೆ ಇಡುವ ಇಟ್ಟಿಗೆಯ ಭಟ್ಟಿಗಳಲ್ಲಿ ಇಡೀ ಕುಟುಂಬ ಮುಂಗಡಕ್ಕೆ ಬಂದು ಕೂರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಾರಿ ಬಂದಾಗ ಚೀಟಿಯ ಮೇಲಿನ ಭಟ್ಟಿಯ ಹೆಸರು ನೋಡಿ, ಒಮ್ಮೆ ಅಲ್ಲಿಗೇ ಹೋಗಿ ಬನ್ನಿ. ಬೆಳಿಗ್ಗೆ ಶಾಲೆಯ ಹೊತ್ತಿನಲ್ಲೇ ಹೋಗಿ.

ಥೇಮ್ಸ್‌ತೀರ:
ಕಲ್ಲನ್ನೂ ಸೇರಿಸಿ. ಇಲ್ಲಿನ ಮನೆಗಳ ಹಿತ್ತಿಲಿಗೆ ಹಾಸುವ ಭಾರತದ ಮರಳುಗಲ್ಲು ಬಹುಪಾಲು ರಾಜಸ್ಥಾನದ್ದು. ಬೂಂದಿ ಜಿಲ್ಲೆಯ ಬುಧಪುರದಲ್ಲಿ ಆ ಕಲ್ಲಿನ ತುಂಡುಗಳನ್ನು ಮಕ್ಕಳು ಕುಳಿತು ಒಡೆಯುವುದು ವರದಿಯಾದ ಮೇಲೆ ಇಲ್ಲಿನ ವ್ಯಾಪಾರಿಗಳಿಗೂ ಪ್ರಶ್ನೆಗಳು ಎದುರಾದವು. ನನ್ನ ಹಿತ್ತಿಲಲ್ಲೂ ಅದೇ ಕಲ್ಲಿದೆ, ಹಿಂದಿನ ಮಾಲೀಕರು ಹಾಸಿದ್ದು. ಖರೀದಿಯ ಪ್ರಶ್ನಾವಳಿಯನ್ನು ನಾನು ಬರೆಯುವುದು ಅದರ ಮೇಲೆ ಕುರ್ಚಿ ಹಾಕಿಕೊಂಡು.

ಹುಲ್ಲುಹಾಸು:
ಇಲ್ಲಿಯವರೆಗೆ ಆದದ್ದನ್ನು ತಿಳಿಸುತ್ತೇನೆ. ಮೇಸ್ತ್ರಿಯನ್ನು ಕೂರಿಸಿಕೊಂಡು ಮಾತನಾಡಿದೆ. ಅವರೂ ಒಂದು ಕಾಲಕ್ಕೆ ಹೀಗೆಯೇ ಮುಂಗಡಕ್ಕೆ ಬಂದವರು. "ನನಗೂ ಮೇಲಿನವರು ಹೀಗೇ ಬರೆದಿದ್ದರು, ಸರ್" ಎಂದರು. ಎಲ್ಲರಿಗೂ ನನ್ನ ಹೆಸರಿನಲ್ಲೇ ನೇಮಕಾತಿ ಪತ್ರ ಕೊಡುತ್ತೇನೆ, ಅವರಿಗೆ ಮೇಲ್ವಿಚಾರಕನ ಸಂಬಳ ಕೊಡುತ್ತೇನೆ ಎಂದೆ. ಒಂದು ದಿನ ಯೋಚಿಸಿ ಒಪ್ಪಿದರು, ಮನಸ್ಸಿಟ್ಟು ಒಪ್ಪಿದರೋ ಕಾದು ನೋಡಬೇಕು. ಬ್ಲೇಡಿನ ಹುಡುಗನ ಪುಸ್ತಕವನ್ನು ಅವನೆದುರಿಗೇ ಹೊಡೆದುಹಾಕಿ, ಹದಿನಾಲ್ಕು ತಿಂಗಳಲ್ಲಿ ಅವನ ಖಾತೆಯಿಂದ ಮೇಸ್ತ್ರಿ ತೆಗೆದ ಹಣದ ಲೆಕ್ಕವನ್ನು ಬ್ಯಾಂಕ್ ಪಾಸ್‌ಬುಕ್ ಹಿಡಿದು ತೆಗೆಯುತ್ತಿದ್ದೇವೆ. ನನ್ನ ಡೈರಿಯ ಪ್ರತಿಗಳನ್ನು ಆ ಮೂವರಿಗೂ ಕೊಟ್ಟೆ. ಒಬ್ಬರ ಲೆಕ್ಕದಲ್ಲಿ ನಾನೇ 1,500 ಹೆಚ್ಚು ಮುರಿದುಕೊಂಡಿದ್ದೆ.

ನಮೂನೆಯ ಏಳನೆಯ ಪುಟಕ್ಕೆ ಇದೆಲ್ಲವನ್ನೂ ಬರೆದಿದ್ದೇನೆ, ಜೊತೆಗೆ ದರ ಹೆಚ್ಚಿಸಬೇಕೆಂಬ ಪತ್ರವನ್ನೂ ಲಗತ್ತಿಸಿದ್ದೇನೆ. ಒಪ್ಪಂದ ಕೈತಪ್ಪಲೂಬಹುದು. ಒಂಬತ್ತು ಜನ ಕಾರ್ಡುಗಳನ್ನು ವಾಪಸು ಪಡೆದರು. ಉಳಿದ ಇಬ್ಬರು ಮಾತ್ರ "ಅಲ್ಲೇ ಇರಲಿ, ನಮಗೇನೂ ತೊಂದರೆ ಇಲ್ಲ" ಎನ್ನುತ್ತಿದ್ದಾರೆ.

ವಕಾಲತ್ತು:
ಅದನ್ನು ಹೇಳುವಾಗ ಮೇಸ್ತ್ರಿ ಎಲ್ಲಿದ್ದರು?

ಹುಲ್ಲುಹಾಸು:
ಪಕ್ಕದಲ್ಲೇ ನಿಂತಿದ್ದರು.

ಮಾಲಿಯಮಗಳು:
ಅವರ ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ, ಮುಂಗಡ ಕೊಟ್ಟವರೂ ಅಲ್ಲಿಯೇ ಇದ್ದಾರೆ ಎಂಬುದನ್ನು ಮರೆಯಬೇಡಿ. ಒಂದೇ ಸಲ ಕೇಳಿದರೆ ಹೇಳಲಾರರು.

ಹುಲ್ಲುಹಾಸು:
ನಾಳೆ ಬೆಳಿಗ್ಗೆ ಸಸಿ ತರಲು ಟೆಂಪೋದಲ್ಲಿ ನರ್ಸರಿಗೆ ಹೋಗಬೇಕು. ಆ ಇಬ್ಬರನ್ನೇ ಕರೆದುಕೊಂಡು ಹೋಗುತ್ತೇನೆ, ಮೇಸ್ತ್ರಿ ಶಾಲೆಯ ಕೆಲಸದ ಮೇಲಿರುತ್ತಾರೆ. ನಾಳೆ ಏನೂ ಕೇಳದೆ ಬರೀ ಟೀ ಕುಡಿಸಿ ಕರೆತರುವುದೇ ಒಳ್ಳೆಯದೇನೋ.